ಕಲ್ಲು, ಕೆರೆ, ಚಾದರ: ಸೊಲ್ಲಾಪುರ ಸೀಮೆಯಲ್ಲಿ ಸ್ಫೂರ್ತಿ ಹುಡುಕುವ ಬಗೆ

ಚಿತ್ರ ಬರೆಯುವವರು, ಕವಿತೆ ಕಟ್ಟುವವರು, ಮಗ್ಗಕ್ಕೆ ಹೊಸ ನಮೂನೆ ಹುಡುಕುವವರು ಸ್ಫೂರ್ತಿ ಬೇಕೆನಿಸಿದಾಗ ಮೊದಲು ನೆನೆಯುವುದು ದೂರದ ಊರುಗಳನ್ನು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡಿಗರಾದರೆ ಮಹಾಬಳೇಶ್ವರ, ಕೊಂಕಣದ ಕಡಲು, ಹಂಪಿ, ಬಾದಾಮಿ, ಮಲೆನಾಡು ಎಂದು ಹೆಸರಿಸುತ್ತಾರೆ. ನಿಮ್ಮೂರ ಸುತ್ತ ಏನಿದೆ ಎಂದು ಕೇಳಿದರೆ ಎರೆ ಹೊಲ, ಜಾಲಿ, ಬಿಸಿಲು, ಹಳೆಯ ಗಿರಣಿಯ ಚಿಮಣಿ ಎನ್ನುತ್ತಾರೆ. ನೋಡಲು ಏನೂ ಇಲ್ಲದ ಸೀಮೆ ಎಂಬ ಈ ತೀರ್ಮಾನ ತಪ್ಪು. ಇಲ್ಲಿಯ ಕಲೆ ಇಲ್ಲಿಯ ನೆಲದ ಕೊರತೆಗಳನ್ನೇ ಎದುರಿಸಿ ಹುಟ್ಟಿದ್ದು. ನೀರಿಲ್ಲದಲ್ಲಿ ಕೆರೆ ಹುಟ್ಟಿತು, ಮಣಿಯದ ಕಲ್ಲಿನಲ್ಲಿ ಗುಡಿ ಎದ್ದಿತು. ಹಾಗಾಗಿ ಇಲ್ಲಿ ಕಲೆಯನ್ನು ನೋಡಿದರೆ ನೆಲ ಅರ್ಥವಾಗುತ್ತದೆ, ನೆಲವನ್ನು ನೋಡಿದರೆ ಕಲೆ ಅರ್ಥವಾಗುತ್ತದೆ. ಎರಡರ ನಡುವೆ ಹೋಗಿ ಬರುವ ರೂಢಿಯಿಂದಲೇ ಸ್ಫೂರ್ತಿ ಹುಟ್ಟುತ್ತದೆ ಎಂಬುದು ಈ ಲೇಖನದ ವಾದ. ಆ ರೂಢಿಯನ್ನು ಎಲ್ಲಿ, ಯಾವಾಗ, ಹೇಗೆ ಬೆಳೆಸಿಕೊಳ್ಳಬಹುದು ಎಂಬುದನ್ನೂ ಮುಂದೆ ಹೇಳುತ್ತೇನೆ.

ಮೊದಲು ನೋಡುವುದರ ಬಗ್ಗೆಯೇ ಒಂದೆರಡು ಸಂಗತಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಬಂದವರು ಒಂದೊಂದು ಕಲಾಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅಳೆದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಸರಾಸರಿ 27 ಸೆಕೆಂಡು, ಅಷ್ಟೇ. ಅರ್ಧದಷ್ಟು ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು. ಜಗತ್ತಿನ ಶ್ರೇಷ್ಠ ಕೃತಿಗಳ ಮುಂದೆಯೇ ಹೀಗಾದರೆ, ಊರ ಗುಡಿಯ ಕಂಬದ ಮುಂದೆ ನಾವು ಎಷ್ಟು ಹೊತ್ತು ನಿಂತೇವು? ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೊಂದು ವಿಷಯ ತಿಳಿಸಿತು. ಮ್ಯೂಸಿಯಂನಲ್ಲಿ ವಸ್ತುಗಳ ಫೋಟೊ ತೆಗೆದವರಿಗೆ, ಸುಮ್ಮನೆ ನೋಡಿದವರಿಗಿಂತ ಅವುಗಳ ನೆನಪು ಕಡಿಮೆ ಉಳಿದಿತ್ತು. ಆದರೆ ವಸ್ತುವಿನ ಒಂದು ಭಾಗವನ್ನೇ ಹತ್ತಿರಕ್ಕೆ ಎಳೆದು ಫೋಟೊ ತೆಗೆದವರಿಗೆ ಈ ನಷ್ಟ ಆಗಲಿಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದು ಇದಕ್ಕೆ ಪೂರಕವಾಗಿದೆ: ಒಂದು ಪದವನ್ನು ಬರೆದಿಡುವುದಕ್ಕಿಂತ ಅದರ ಚಿತ್ರ ಗೀಚಿದರೆ ಅದು ಹೆಚ್ಚು ನೆನಪಿರುತ್ತದೆ, ಚಿತ್ರ ಎಷ್ಟೇ ಒರಟಾಗಿರಲಿ. ಅಂದರೆ ಕಣ್ಣು ಒಂದು ಆಯ್ಕೆ ಮಾಡಲೇಬೇಕಾದ ಸಂದರ್ಭ ಬಂದಾಗ ಮಾತ್ರ ನೋಡಿದ್ದು ಒಳಗೆ ಇಳಿಯುತ್ತದೆ. ಸುಂದರ ಸ್ಥಳಕ್ಕೆ ಹೋಗಿ ಬಂದರೂ ಬರೆಯಲು ಏನೂ ತೋಚುವುದಿಲ್ಲ ಎಂದು ಕೊರಗುವವರಿಗೆ ಕಾರಣ ಇಲ್ಲಿದೆ.

ಇದಕ್ಕೆ ಬೇಕಾದ ವಿಧಾನವನ್ನು ಹೊರಗಿನಿಂದ ತರಬೇಕಾಗಿಲ್ಲ. ಮಹಾರಾಷ್ಟ್ರದ ಶಾಲಾ ಮಕ್ಕಳು ಬರೆಯುವ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳು ಈ ಸೀಮೆಯ ಅನೇಕ ಮನೆಗಳಿಗೆ ಪರಿಚಿತ. ಅಲ್ಲಿ ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ ಎಂಬ ಅಭ್ಯಾಸಗಳಿವೆ. ಎದುರಿಗಿರುವ ವಸ್ತುವನ್ನು ನೋಡಿ ಬರೆಯುವುದು ಮೊದಲನೆಯದು, ಕಂಡ ದೃಶ್ಯವನ್ನು ನೆನಪಿನಿಂದ ಬರೆಯುವುದು ಎರಡನೆಯದು, ಆಕಾರಗಳನ್ನು ಜೋಡಿಸಿ ಹೊಸ ವಿನ್ಯಾಸ ಕಟ್ಟುವುದು ಮೂರನೆಯದು. ಪರೀಕ್ಷೆಯಲ್ಲಿ ಬಿಡಿಬಿಡಿಯಾಗಿರುವ ಈ ಮೂರನ್ನೂ ಒಂದೇ ವಸ್ತುವಿನ ಮೇಲೆ ಸಾಲಾಗಿ ಮಾಡಿದರೆ ಸ್ಫೂರ್ತಿಯ ಪೂರ್ತಿ ದಾರಿ ಸಿಗುತ್ತದೆ. ಬೆಳಿಗ್ಗೆ ಒಂದು ವಸ್ತುವಿನ ಮುಂದೆ ಕುಳಿತು ನೋಡಿ ಬರೆಯಿರಿ. ಮನೆಗೆ ಬಂದು ಹಾಳೆ ಮುಚ್ಚಿಟ್ಟು ಅದನ್ನೇ ನೆನಪಿನಿಂದ ಬರೆಯಿರಿ. ಎರಡನ್ನೂ ಹೋಲಿಸಿದರೆ ಏನು ಉಳಿದಿದೆ, ಏನು ಬಿಟ್ಟುಹೋಗಿದೆ, ಯಾವುದು ಹಿಗ್ಗಿದೆ ಎಂಬುದು ಕಾಣುತ್ತದೆ. ನೆನಪು ಹಿಗ್ಗಿಸಿದ್ದೇ ನಿಮ್ಮ ಸ್ವಂತದ್ದು. ಹೊಸ ರಚನೆ ಅಲ್ಲಿಂದ ಆರಂಭವಾಗಲಿ. ಚಿತ್ರ ಬಾರದವರು ರೇಖೆಯ ಬದಲು ವಾಕ್ಯ ಬರೆಯಬಹುದು. ಕ್ರಮ ಮಾತ್ರ ಅದೇ ಇರಬೇಕು.

ಎಲ್ಲಿಂದ ಆರಂಭಿಸಬೇಕು ಎಂದರೆ ಸೊಲ್ಲಾಪುರದ ನಟ್ಟನಡುವಿನ ಸಿದ್ಧೇಶ್ವರ ಕೆರೆಯಿಂದ. ಹನ್ನೆರಡನೆಯ ಶತಮಾನದಲ್ಲಿ ಈ ಊರು ಸೊನ್ನಲಿಗೆಯಾಗಿದ್ದಾಗ ಸಿದ್ಧರಾಮರು ಜನರನ್ನು ಕೂಡಿಸಿಕೊಂಡು ಕಟ್ಟಿಸಿದ ಕೆರೆ ಎಂದು ಪರಂಪರೆ ಹೇಳುತ್ತದೆ. ನೀರಿನ ನಡುವೆ ಗುಡಿ, ಒಂದು ಮಗ್ಗುಲಿಗೆ ಬಹಮನಿ ಕಾಲದ ಭುಯಿಕೋಟೆಯ ಗೋಡೆ, ಸುತ್ತ ಗದ್ದಲದ ನಗರ. ಮಳೆನೆರಳಿನ ಸೀಮೆಯಲ್ಲಿ ಹರವಾಗಿ ನಿಂತ ನೀರೇ ಒಂದು ಅಪರೂಪದ ದೃಶ್ಯ. ಆಕಾಶವನ್ನು ನೆಲದ ಮೇಲೆ ನೋಡಲು ಇಲ್ಲಿ ಮನುಷ್ಯರು ಗುಂಡಿ ತೋಡಬೇಕಾಯಿತು. ಕೆರೆಯ ದಂಡೆಯಲ್ಲಿ ಕುಳಿತವರು ಮೊದಲು ಗಮನಿಸಬೇಕಾದದ್ದು ಗುಡಿಯ ಶಿಖರವನ್ನಲ್ಲ, ನೀರು ಮತ್ತು ಕಲ್ಲು ಸೇರುವ ಗೆರೆಯನ್ನು. ಆ ಗೆರೆ ಮಳೆಗಾಲ ಕಳೆದಾಗ ಒಂದೆಡೆ ಇರುತ್ತದೆ, ಬೇಸಿಗೆಯಲ್ಲಿ ಇನ್ನೊಂದೆಡೆಗೆ ಇಳಿಯುತ್ತದೆ. ಒಂದೇ ಜಾಗದಲ್ಲಿ ಕುಳಿತು ಅಕ್ಟೋಬರ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಆ ಗೆರೆಯನ್ನು ಬರೆದವರಿಗೆ ಈ ಸೀಮೆಯ ವರ್ಷವೇ ಎರಡು ಹಾಳೆಗಳಲ್ಲಿ ಸಿಕ್ಕಿಬಿಡುತ್ತದೆ.

ಈ ಕೆರೆಯ ವಿಷಯದಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಕನ್ನಡ ಸಾಹಿತ್ಯದಲ್ಲೇ ಇದೆ. ಶೂನ್ಯಸಂಪಾದನೆಯ ಕಥೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಕೆರೆ ತೋಡಿಸುವುದರಲ್ಲೇ ಮುಳುಗಿದ್ದ ಸಿದ್ಧರಾಮರನ್ನು ಒಡ್ಡನೆಂದು ಕರೆದು ಕೆಣಕುತ್ತಾರೆ. ಹೊರಗಿನ ಕೆಲಸದಿಂದ ಒಳಗಿನ ಕಣ್ಣು ತೆರೆಯುತ್ತದೆಯೇ ಎಂಬುದು ಆ ಕೆಣಕುವಿಕೆಯ ತಿರುಳು. ಕಲ್ಲು, ನೀರು, ಹೊಲ ನೋಡಿ ಬರೆಯುವುದರಿಂದ ಏನಾದೀತು, ಸ್ಫೂರ್ತಿ ಒಳಗಿನಿಂದ ಬರಬೇಕು ಎನ್ನುವವರು ಇಂದಿಗೂ ಇದ್ದಾರೆ. ಅವರ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸಿದ್ಧರಾಮರು ಅಲ್ಲಮರೊಂದಿಗೆ ಕಲ್ಯಾಣಕ್ಕೆ ಹೋದರು, ವಚನಕಾರರಾದರು, ಕೊನೆಗೆ ಸೊನ್ನಲಿಗೆಗೇ ಮರಳಿದರು. ಅವರ ಸಮಾಧಿ ಇರುವುದು ತಾವು ಕಟ್ಟಿಸಿದ ಆ ಕೆರೆಯ ನಡುವಿನ ಗುಡಿಯ ಆವರಣದಲ್ಲಿ. ಅವರ ವಚನಗಳ ಅಂಕಿತ ಕಪಿಲಸಿದ್ಧ ಮಲ್ಲಿಕಾರ್ಜುನ ಕೂಡ ಇದೇ ಊರಿನ ದೈವದ ಹೆಸರು. ಒಳಗಣ್ಣು ತೆರೆದ ಮೇಲೆಯೂ ಅವರಿಗೆ ಈ ಕೆರೆ, ಈ ಊರು ಬೇಕಾಯಿತು. ಒಳಗು ಹೊರಗುಗಳನ್ನು ಎದುರಾಳಿಗಳಾಗಿ ನಿಲ್ಲಿಸುವವರು ಈ ಮರಳುವಿಕೆಯನ್ನು ಮರೆಯುತ್ತಾರೆ.

ಇದೇ ಕೆರೆಯ ಊರಿನಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಅವರು ಸಿದ್ಧರಾಮರ ಬದುಕನ್ನು ಕುರಿತು ಮಹಾಕಾವ್ಯ ಬರೆದಾಗ ಆಯ್ದುಕೊಂಡ ಛಂದಸ್ಸು ತ್ರಿಪದಿ. ರಾಘವಾಂಕನಂಥ ಹಿರಿಯ ಕವಿ ಹದಿಮೂರನೆಯ ಶತಮಾನದಲ್ಲೇ ಷಟ್ಪದಿಯಲ್ಲಿ ಹೇಳಿದ್ದ ಕಥೆಗೆ ಅವರು ಹಳ್ಳಿಯ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಹಾಡುವ ಮೂರು ಸಾಲಿನ ಪದ್ಯವನ್ನು ತಂದರು. ಅವರ ಓದು ಮರಾಠಿಯಲ್ಲಿ ನಡೆದಿತ್ತು. ಕನ್ನಡವನ್ನು ಅವರು ಪ್ರಯತ್ನಪಟ್ಟು ಒಲಿಸಿಕೊಂಡರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠವೇರಿದ ಮೊದಲ ಮಹಿಳೆ. ಊರಿನ ಕಥೆ ಮತ್ತು ಸುತ್ತಲ ಹಳ್ಳಿಗಳ ದನಿ, ಇವೆರಡನ್ನೂ ಕೂಡಿಸಿದಾಗ ಒಂದು ಹೊಸ ಕಾವ್ಯ ಹುಟ್ಟಿತು. ಸ್ಥಳದಿಂದ ಸ್ಫೂರ್ತಿ ಪಡೆಯುವುದು ಹೇಗೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿ ಇಲ್ಲ.

ಸಂಕ್ರಾಂತಿಯ ಗಡ್ಡಾ ಯಾತ್ರೆ ಈ ಕೆರೆಯ ಸುತ್ತಲೇ ನಡೆಯುತ್ತದೆ. ಏಳು ನಂದಿಧ್ವಜಗಳು ನಗರದ 68 ಲಿಂಗಗಳಿಗೆ ಎಣ್ಣೆ ಮಜ್ಜನಕ್ಕಾಗಿ ಹೊರಡುತ್ತವೆ, ಮರುದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಚಿತ್ರಕಾರರಿಗೆ ಇಲ್ಲಿ ಮುಖ್ಯವಾದದ್ದು ಬಿಳುಪು. ನಂದಿಧ್ವಜ ಹೊರುವವರು ಬಿಳಿಯ ಬಾರಾಬಂದಿ ಅಂಗಿ ತೊಟ್ಟಿರುತ್ತಾರೆ. ಸಾವಿರಾರು ಬಿಳಿ ಉಡುಪುಗಳ ನಡುವೆ ಆಳೆತ್ತರಕ್ಕೆ ಹಲವು ಪಟ್ಟು ಎತ್ತರದ ಧ್ವಜಗಳು ತೂಗುತ್ತ ಸಾಗುವಾಗ ಬಣ್ಣಕ್ಕಿಂತ ಗೆರೆ ಮತ್ತು ಭಾರವೇ ಕಣ್ಣಿಗೆ ಬೀಳುತ್ತವೆ. ಮೊಬೈಲ್ ಎತ್ತಿ ಹಿಡಿದ ಕೈಗಳ ನಡುವೆ ಪೂರ್ತಿ ಮೆರವಣಿಗೆಯನ್ನು ಹಿಡಿಯಲು ಹೋಗಬೇಡಿ. ಧ್ವಜದ ಬುಡವನ್ನು ಸೊಂಟಕ್ಕೆ ಆನಿಸಿಕೊಂಡವರ ಬೆನ್ನು ಎಷ್ಟು ಹಿಂದಕ್ಕೆ ಬಾಗುತ್ತದೆ, ಪಾದಗಳ ನಡುವೆ ಎಷ್ಟು ಅಂತರವಿರುತ್ತದೆ, ಇಷ್ಟನ್ನೇ ಗಮನಿಸಿ ಹತ್ತಾರು ಸಣ್ಣ ಗೀಟುಗಳಲ್ಲಿ ಬರೆದುಕೊಳ್ಳಿ. ಜಾತ್ರೆ ಇಲ್ಲದ ದಿನಗಳಲ್ಲಿ ಆ 68 ಲಿಂಗಗಳ ದಾರಿಯನ್ನು ಕಂತುಕಂತಾಗಿ ನಡೆದು ಮುಗಿಸಬಹುದು. ಹಳೆಯ ಊರಿನ ಸೀಮಾರೇಖೆ ಕಾಲಿಗೆ ತಿಳಿಯುವ ದಾರಿ ಅದು.

ಈಗ ಚಾದರಕ್ಕೆ ಬರೋಣ. ಇಲ್ಲಿ ಕೊಂಚ ಹೆಚ್ಚು ಹೊತ್ತು ನಿಲ್ಲಬೇಕು. ಸೊಲ್ಲಾಪುರದ ಚಾದರ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ವಸ್ತು. ಅದು ಮನೆಮನೆಯಲ್ಲಿ ಹಾಸಿ ಹೊದ್ದು ಸವೆಯುವುದರಿಂದ ಕಲೆ ಎಂದು ಯಾರೂ ಎಣಿಸುವುದಿಲ್ಲ. 1877ರಲ್ಲಿ ಇಲ್ಲಿ ಮೊದಲ ದೊಡ್ಡ ನೂಲು ಮತ್ತು ನೇಯ್ಗೆ ಗಿರಣಿ ಆರಂಭವಾಯಿತು, ಜನ ಅದನ್ನು ಜುನಿ ಮಿಲ್ ಎಂದೇ ಕರೆದರು. ತೆಲಂಗಾಣದ ಕಡೆಯಿಂದ ಬಂದ ಪದ್ಮಶಾಲಿ ನೇಕಾರರು, ಕನ್ನಡ ಮರಾಠಿ ಉರ್ದು ಮಾತಿನ ಕೆಲಸಗಾರರು ಸೇರಿ ಊರನ್ನು ಜವಳಿಯ ಊರಾಗಿಸಿದರು. ದೊಡ್ಡ ಗಿರಣಿಗಳು ಮುಚ್ಚಿದವು, ಪವರ್‌ಲೂಮ್‌ಗಳು ಉಳಿದವು. ಚಾದರದ ಹೂವು, ನವಿಲು, ಬಳ್ಳಿಗಳು ಜಕಾರ್ಡ್ ಯಂತ್ರದ ಕೊಡುಗೆ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರಿ ಜಕಾರ್ಡ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಆ ಯಂತ್ರದಲ್ಲಿ ತೂತು ಹೊಡೆದ ರಟ್ಟುಗಳ ಸರಮಾಲೆ ಯಾವ ಹಾಸಿನ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಒಂದೊಂದು ಹೊಕ್ಕಿಗೂ ಹೇಳುತ್ತದೆ. ಇದರ ಫಲವಾಗಿ ಚಾದರದಲ್ಲಿ ನಿಜವಾದ ಬಾಗು ಎಂಬುದೇ ಇರುವುದಿಲ್ಲ. ಹೂವಿನ ಎಸಳು, ನವಿಲಿನ ಕತ್ತು ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತವೆ. ದೂರದಿಂದ ದುಂಡಗೆ ಕಾಣುವುದು ಹತ್ತಿರದಲ್ಲಿ ಚೌಕಗಳ ಸಾಲು.

ಮನೆಯಲ್ಲಿರುವ ಒಂದು ಹಳೆಯ ಚಾದರ ತೆಗೆಯಿರಿ. ಅದರ ಹೂವೊಂದನ್ನು ಗ್ರಾಫ್ ಹಾಳೆಯ ಮೇಲೆ ಚೌಕಕ್ಕೆ ಚೌಕದಂತೆ ಇಳಿಸಿಕೊಳ್ಳಿ. ಎಷ್ಟು ಮೆಟ್ಟಿಲಿಗೆ ಒಂದು ಬಾಗು ಸಾಕಾಗಿದೆ, ಎಲ್ಲಿ ನೇಕಾರ ವಿವರ ಬಿಟ್ಟುಕೊಟ್ಟಿದ್ದಾನೆ ಎಂದು ಎಣಿಸಿ ನೋಡಿ. ಬಳಿಕ ಚಾದರ ತಿರುವಿ. ಎರಡು ಬಣ್ಣದ ನೇಯ್ಗೆಯಲ್ಲಿ ಸಾಮಾನ್ಯವಾಗಿ ಮುಂದಿನ ಬಣ್ಣ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಬಂದಿರುತ್ತದೆ. ಇದಾದ ಮೇಲೆ ಊರಾಚೆ ಹೋಗಿ, ನಿಜವಾದ ಜೋಳದ ತೆನೆಯನ್ನೋ ಎಕ್ಕದ ಹೂವನ್ನೋ ಅದೇ ಗ್ರಾಫ್ ಹಾಳೆಯ ಮೇಲೆ, ಅಷ್ಟೇ ಚೌಕಗಳೊಳಗೆ ಹಿಡಿಯಲು ಪ್ರಯತ್ನಿಸಿ. ಚಾದರಗಳಲ್ಲಿ ಗುಲಾಬಿ ಬಂದಷ್ಟು ಜೋಳದ ತೆನೆ ಬಂದಿಲ್ಲ. ಈ ನೆಲದ ಮುಖ್ಯ ಬೆಳೆ ಇಲ್ಲಿಯ ಮುಖ್ಯ ಬಟ್ಟೆಯ ಮೇಲೆ ಹೆಚ್ಚಾಗಿ ಕಾಣದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ವಿನ್ಯಾಸ ಕಲಿಯುವ ಹುಡುಗ ಹುಡುಗಿಯರಿಗೆ ಇಲ್ಲಿ ತೆರೆದ ಬಾಗಿಲಿದೆ. ಮಾರುಕಟ್ಟೆ ಹಳೆಯ ಹೂವನ್ನೇ ಕೇಳುತ್ತದೆ ಎಂದು ವ್ಯಾಪಾರಿಗಳು ಹೇಳಿಯಾರು. ಹಳೆಯ ಹೂವೂ ಒಂದು ಕಾಲಕ್ಕೆ ಯಾರೋ ಹೊಸದಾಗಿ ಬರೆದದ್ದೇ ಎಂಬುದನ್ನು ಅವರಿಗೆ ನೆನಪಿಸಬೇಕು.

ಕಲ್ಲಿನ ಪಾಠ ಬೇರೆ. ಸೊಲ್ಲಾಪುರದ ಅಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿದ ಕರಿಕಲ್ಲು. ಅದೇ ಸವೆದು ಎರೆ ಮಣ್ಣಾಯಿತು. ಬೇಲೂರು ಹಳೇಬೀಡಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಭರಣದ ಕುಸುರಿಗೂ ಒಪ್ಪುತ್ತದೆ. ಕರಿಕಲ್ಲು ಹಾಗೆ ಸುಲಭವಾಗಿ ಬಗ್ಗುವುದಿಲ್ಲ. ಅದರಲ್ಲಿ ಕೆತ್ತುವವರು ದೊಡ್ಡ ಆಕಾರವನ್ನೂ ಆಳವಾದ ನೆರಳನ್ನೂ ನೆಚ್ಚಬೇಕು. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಹತ್ತರಸಂಗ ಕೂಡಲದಲ್ಲಿ, ಸೀನಾ ನದಿ ಭೀಮೆಯನ್ನು ಕೂಡುವಲ್ಲಿ, ಇದಕ್ಕೆ ಸಾಕ್ಷಿ ಇದೆ. ಅಲ್ಲಿಯ ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ ಶಾಸನವಿದೆ, ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಅದನ್ನು ಎಣಿಸುತ್ತಾರೆ. ಪಕ್ಕದ ಹರಿಹರೇಶ್ವರ ಗುಡಿಯ ಆವರಣದಲ್ಲಿ ಮಣ್ಣಿನಡಿಯಿಂದ ದೊರೆತ ಬಹುಮುಖಿ ಲಿಂಗದ ಮೇಲೆ 359 ಪುಟ್ಟ ಮುಖಗಳನ್ನು ಎಣಿಸಲಾಗಿದೆ. ನಡುಹಗಲಿನಲ್ಲಿ ಹೋದವರಿಗೆ ಆ ಮುಖಗಳು ಒಂದೇ ಅಚ್ಚಿನವೆಂದು ತೋರಬಹುದು. ಬೆಳಗಿನ ಓರೆ ಬೆಳಕಿನಲ್ಲಿ, ಇಲ್ಲವೆ ಕಾವಲಿನವರ ಒಪ್ಪಿಗೆ ಪಡೆದು ಟಾರ್ಚನ್ನು ಬದಿಯಿಂದ ಹಿಡಿದಾಗ, ಮೂಗು ಹುಬ್ಬುಗಳ ನೆರಳು ಏಳುತ್ತದೆ. ಐದಾರು ಮುಖಗಳನ್ನು ಮಾತ್ರ ಆರಿಸಿಕೊಂಡು ಪಕ್ಕಪಕ್ಕದಲ್ಲಿ ಬರೆಯಿರಿ. ಅಲ್ಲಿಂದ ಎದ್ದು ಸಂಗಮದ ದಂಡೆಗೆ ಇಳಿದರೆ ಎರಡು ನದಿಗಳ ನೀರಿನ ಬಣ್ಣ, ಸೆಳೆತ, ಕೂಡುವ ರೇಖೆಯ ಅಲುಗಾಟ ಕಾಣುತ್ತವೆ. ಒಂದೇ ಕಲ್ಲಿನಲ್ಲಿ ಅಷ್ಟು ಮುಖಗಳನ್ನು ಕೂಡಿಸುವ ಕಲ್ಪನೆಗೆ ಎರಡು ನದಿ ಕೂಡುವ ಜಾಗವೇ ಸರಿಯಾದ ನೆಲೆ ಎಂದು ನನಗೆ ಅನಿಸುತ್ತದೆ. ಶಿಲ್ಪಿಯ ಮನಸ್ಸಿನಲ್ಲಿ ಅದಿತ್ತು ಎಂದು ಹೇಳಲು ಆಧಾರವಿಲ್ಲ. ನೋಡುವವರಿಗೆ ಅದು ಒಂದು ಆರಂಭವಾಗಬಲ್ಲದು.

ಅಕ್ಕಲಕೋಟೆಯ ಕಡೆಯವರು ಬೋರಿ ನದಿಯನ್ನು ಹಿಡಿದು ಹೋಗುವುದು ಒಳ್ಳೆಯದು. ಮೇಲೆ ಧಾರಾಶಿವ ಜಿಲ್ಲೆಯ ನಳದುರ್ಗದಲ್ಲಿ ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹಿಯ ಕಾಲದ ಪಾಣಿಮಹಲ್ ಇದೆ. ಬೋರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಒಡಲಿನಲ್ಲೇ ಕೋಣೆಗಳನ್ನು ಇಟ್ಟಿದ್ದಾರೆ. ನದಿ ತುಂಬಿದಾಗ ನರ, ಮಾದಿ ಎಂಬ ಎರಡು ಧಾರೆಗಳಾಗಿ ನೀರು ಧುಮುಕುತ್ತದೆ. ಚಿತ್ರಕ್ಕೆ, ಸಂಗೀತಕ್ಕೆ ಆಶ್ರಯ ಕೊಟ್ಟ, ಸ್ವತಃ ಕಿತಾಬ್-ಎ-ನವರಸ್ ಬರೆದ ಅರಸನ ಕಾಲದ ಈ ಕಟ್ಟಡ ಒಡ್ಡೂ ಹೌದು, ನೋಟದ ಮನೆಯೂ ಹೌದು. ನೀರನ್ನು ಹಿಡಿದಿಡುವ ಜೊತೆಗೆ ಅದು ಬೀಳುವುದನ್ನು ನೋಡಬೇಕೆಂದೂ ಬಯಸಿದವರು ಇದನ್ನು ಕಟ್ಟಿದರು. ಅದೇ ನದಿ ಕೆಳಗೆ ಕುರನೂರು ಅಣೆಕಟ್ಟಿನಲ್ಲಿ ನಿಂತು, ಅಕ್ಕಲಕೋಟೆ ತಾಲ್ಲೂಕಿನ ಹೊಲಗಳ ನಡುವೆ ಹರಿದು ಭೀಮೆಯನ್ನು ಸೇರುತ್ತದೆ. ಒಂದು ಮಳೆಗಾಲದಲ್ಲಿ ಈ ಎರಡೂ ಒಡ್ಡುಗಳನ್ನು ನೋಡಿ ಒಂದೇ ಹಾಳೆಯ ಎರಡು ಬದಿಗೆ ಬರೆಯುವುದು ತುಂಬ ಕಲಿಸುವ ಅಭ್ಯಾಸ. ಅಕ್ಕಲಕೋಟೆ ಊರಿಗೆ ಬರುವವರಲ್ಲಿ ಬಹುಪಾಲು ಜನ 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರಕ್ಕೆ ಬಂದು ಹಿಂದಿರುಗುತ್ತಾರೆ. ಭೋಸಲೆ ಸಂಸ್ಥಾನದ ಅರಮನೆಯ ಶಸ್ತ್ರಾಗಾರ ನೋಡಲು ಉಳಿಯುವವರು ಕಡಿಮೆ. ಕತ್ತಿ ಕಠಾರಿಗಳ ಹಿಡಿಗಳನ್ನು ಅಲ್ಲಿ ಗಮನಿಸಬೇಕು: ಅಲಂಕಾರ ಎಷ್ಟೇ ಇರಲಿ, ಅಂಗೈ ಕೂರುವ ಜಾಗವನ್ನು ಅದು ಮುಟ್ಟುವಂತಿಲ್ಲ. ಉಪಯೋಗ ಮತ್ತು ಚೆಲುವು ಎಲ್ಲಿ ಒಂದಕ್ಕೊಂದು ಜಾಗ ಬಿಡುತ್ತವೆ ಎಂಬುದನ್ನು ಕಲಿಯಲು ಬೇರೆ ಪುಸ್ತಕ ಬೇಡ.

ಮನುಷ್ಯರ ಕೈ ಕಾಣದ ನೆಲ ಬೇಕೆನ್ನುವವರು ಬಾರ್ಶಿ ರಸ್ತೆಯ ನಾನ್ನಜಕ್ಕೆ ಹೋಗಲಿ. ಮರಾಠಿಯಲ್ಲಿ ಮಾಳಢೋಕ ಎಂದು ಕರೆಯುವ ಎರ್ಲಡ್ಡು ಹಕ್ಕಿಗಾಗಿ 1979ರಲ್ಲಿ ಘೋಷಿಸಿದ ಅಭಯಾರಣ್ಯ ಅದು. 8,496 ಚದರ ಕಿಲೋಮೀಟರ್ ಎಂದು ಆರಂಭವಾಗಿ 2012ರಲ್ಲಿ ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಯಿತು. ಎರ್ಲಡ್ಡು ಈಗ ಅಲ್ಲಿ ಕಾಣುವುದೇ ಕಷ್ಟ. ಚಿಗರಿಯ ಹಿಂಡುಗಳಿವೆ, ತೋಳಗಳಿವೆ, ಚಳಿಗಾಲದಲ್ಲಿ ದೂರದೇಶದಿಂದ ಬರುವ ಹ್ಯಾರಿಯರ್ ಗಿಡುಗಗಳು ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತವೆ. ಹುಲ್ಲುಗಾವಲಿನಲ್ಲಿ ಕಣ್ಣಿಗೆ ಆನಿಕೆಯಾಗಿ ಗುಡ್ಡವಿಲ್ಲ, ಕಾಡಿಲ್ಲ, ದಿಗಂತದ ಒಂದೇ ಗೆರೆ. ಹೊಸಬರು ಅಲ್ಲಿ ಮೊದಲ ಕಾಲುಗಂಟೆಯಲ್ಲಿ ಬೇಸತ್ತುಬಿಡುತ್ತಾರೆ, ಆಮೇಲೆ ಹುಲ್ಲಿನ ಬಣ್ಣಗಳು ಬೇರೆಬೇರೆಯಾಗಿ ಕಾಣತೊಡಗುತ್ತವೆ. ಸೊಲ್ಲಾಪುರದಲ್ಲಿ 1932ರಲ್ಲಿ ಹುಟ್ಟಿ, ಅರಣ್ಯಾಧಿಕಾರಿಯಾಗಿ ದುಡಿದು, ಮರಾಠಿಯಲ್ಲಿ ಹಕ್ಕಿ ಕಾಡುಗಳ ಸಾಹಿತ್ಯವನ್ನೇ ಬೆಳೆಸಿದ ಮಾರುತಿ ಚಿತಂಪಲ್ಲಿ ಅವರು 2025ರಲ್ಲಿ ಪದ್ಮಶ್ರೀ ಪಡೆದರು. ಸರಕಾರಿ ನೌಕರಿಯ ದಿನದಿನದ ಟಿಪ್ಪಣಿಗಳೂ ಸಾಹಿತ್ಯವಾಗಬಲ್ಲವು ಎಂಬುದಕ್ಕೆ ಅವರ ಬರವಣಿಗೆ ಪ್ರಮಾಣ.

ಇಷ್ಟೆಲ್ಲ ಹೇಳಿದ ಮೇಲೆ ಮೂರು ಆಕ್ಷೇಪಗಳು ಉಳಿಯುತ್ತವೆ. ನೋಡಿ ಬರೆಯುವುದು, ಹಳೆಯ ವಿನ್ಯಾಸವನ್ನು ಇಳಿಸಿಕೊಳ್ಳುವುದು ನಕಲು, ಅದರಿಂದ ಸ್ವಂತಿಕೆ ಸಾಯುತ್ತದೆ ಎಂಬುದು ಮೊದಲನೆಯದು. ಜಪಾನಿನ ಸಂಶೋಧಕರಾದ ಒಕಾದಾ ಮತ್ತು ಇಶಿಬಾಶಿ 2017ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಡುತ್ತವೆ. ತಮಗೆ ಅಪರಿಚಿತವಾದ ಶೈಲಿಯ ಚಿತ್ರಗಳನ್ನು ನಕಲು ಮಾಡಿದ ವಿದ್ಯಾರ್ಥಿಗಳು ಆಮೇಲೆ ಬರೆದ ಸ್ವಂತ ಚಿತ್ರಗಳು, ನಕಲು ಮಾಡದವರ ಚಿತ್ರಗಳಿಗಿಂತ ಹೆಚ್ಚು ಸೃಜನಶೀಲವೆಂದು ಕಂಡುಬಂದವು, ಅದೂ ಮೂಲವನ್ನು ಹೋಲದ ರೀತಿಯಲ್ಲಿ. ಇನ್ನೊಬ್ಬರ ನಿರ್ಧಾರಗಳನ್ನು ಕೈಯಾರೆ ಮಾಡಿ ನೋಡಿದಾಗ ನಮ್ಮ ರೂಢಿಯ ನಿರ್ಧಾರಗಳು ಸಡಿಲಾಗುತ್ತವೆ. ನಕಲನ್ನು ತನ್ನದೆಂದು ಮಾರಿದರೆ ಮಾತ್ರ ಅದು ಕಳವು.

ದೊಡ್ಡ ಕಲಾವಿದರಿಗೆ ಹುಟ್ಟಿದ ನೆಲವೇ ಸ್ಫೂರ್ತಿ, ನಮ್ಮ ಜಿಲ್ಲೆಯ ಪಂಢರಪುರದಲ್ಲಿ 1915ರಲ್ಲಿ ಹುಟ್ಟಿದ ಎಂ.ಎಫ್. ಹುಸೇನರನ್ನೇ ನೋಡಿ, ಉಳಿದವರಿಗೆ ಪ್ರತಿಭೆಯೇ ಇಲ್ಲ ಎಂಬುದು ಎರಡನೆಯ ಮಾತು. ಇದು ಆಕ್ಷೇಪವಾಗಿಯೂ ಹೆಮ್ಮೆಯಾಗಿಯೂ ಕೇಳಿಬರುತ್ತದೆ. ಹುಸೇನ್ ಎಳವೆಯಲ್ಲೇ ಇಂದೂರಿಗೆ ಹೋದವರು, ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗುಗಳಿಗೆ ಬಣ್ಣ ಬಳಿಯುತ್ತ ಕೈ ಪಳಗಿಸಿಕೊಂಡವರು. ಪಂಢರಪುರದಲ್ಲಿ ಹುಟ್ಟಿದ್ದು ಅವರನ್ನು ಚಿತ್ರಕಾರರನ್ನಾಗಿ ಮಾಡಲಿಲ್ಲ, ವರ್ಷಗಟ್ಟಲೆ ಬರೆದದ್ದು ಮಾಡಿತು. ನೆಲ ತಾನಾಗಿ ಯಾರಿಗೂ ಏನನ್ನೂ ಕೊಡುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಬರಗಾಲದ ಸೀಮೆಯಲ್ಲಿ ಬಿರಿದ ಎರೆ ನೆಲವನ್ನು, ತಳ ಕಂಡ ಕೆರೆಯನ್ನು ಸೌಂದರ್ಯವೆಂದು ಬರೆಯುವುದು ರೈತರ ಸಂಕಟದ ಮೇಲೆ ಕಲೆ ಮಾಡಿದಂತಲ್ಲವೇ? ಹೌದು, ಬಿರುಕನ್ನು ಬರೀ ಆಕಾರವಾಗಿ ನೋಡಿದರೆ ಹಾಗೆಯೇ ಆಗುತ್ತದೆ. ಅದಕ್ಕಾಗಿಯೇ ನೆಲವನ್ನು ಅಲ್ಲಿಯ ದುಡಿಮೆಯ ಜೊತೆ ನೋಡಬೇಕು ಎಂದು ಹೇಳುತ್ತಿರುವುದು. ಆ ಬಿರುಕು ಏಕೆ ಬಿಡುತ್ತದೆ, ತೇವ ಹಿಡಿದಿಟ್ಟುಕೊಳ್ಳುವ ಅದೇ ಮಣ್ಣಿನಿಂದ ಮಳೆ ನಿಂತ ಮೇಲೂ ಹಿಂಗಾರಿ ಜೋಳ ಹೇಗೆ ಬೆಳೆಯುತ್ತದೆ, ಇದೇ ಜಿಲ್ಲೆಯ ಮೊಹೋಳದ ಸಂಶೋಧನಾ ಕೇಂದ್ರದಲ್ಲಿ ಆಯ್ಕೆಯಾದ ಮಾಲದಂಡಿ ತಳಿ ಏಕೆ ಇಷ್ಟು ಕಾಲ ಬಾಳಿತು ಎಂದು ಹೊಲದವರನ್ನೇ ಕೇಳಿ ತಿಳಿದು ಬರೆದ ಚಿತ್ರದಲ್ಲಿ, ಕವಿತೆಯಲ್ಲಿ ಆ ತಿಳಿವು ಕಾಣದೆ ಇರದು. ಕೇಳದೆ ಬರೆದದ್ದರಲ್ಲಿ ಅದರ ಕೊರತೆಯೂ ಕಾಣುತ್ತದೆ.

ಕಾಲದ ವಿಷಯದಲ್ಲಿ ಈ ಸೀಮೆಗೆ ತನ್ನದೇ ಪಂಚಾಂಗವಿದೆ. ಇಲ್ಲಿಯ ಹೊಲ ಹಸಿರಾಗುವುದು ಮಳೆಗಾಲ ಮುಗಿದ ಮೇಲೆ, ನವೆಂಬರಿನಿಂದ ಜನವರಿಯವರೆಗೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಜೋಳ ಬೆಳ್ಳಗಾಗಿ ಕೊಯ್ಲಿಗೆ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ ಒಂದು ಪುಟ್ಟ ನೋಟ್‌ಬುಕ್ ಬುತ್ತಿಯ ಜೊತೆಗಿರಲಿ. ಗುಡಿ, ಕೋಟೆಗಳಿಗೆ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಸುಮಾರಿಗೆ ಹೋಗಿ. ನಡುಹಗಲಿನ ಬೆಳಕು ಕರಿಕಲ್ಲನ್ನು ಚಪ್ಪಟೆ ಮಾಡಿಬಿಡುತ್ತದೆ. ಸಾಮಾನು ಹೆಚ್ಚು ಬೇಡ: ಗೆರೆಯಿಲ್ಲದ ನೋಟ್‌ಬುಕ್, 2ಬಿ, 6ಬಿ ಪೆನ್ಸಿಲ್, ಕೆಲವು ಗ್ರಾಫ್ ಹಾಳೆ, ನೀರಿನ ಬಾಟಲಿ. ಮೊಬೈಲಿನಲ್ಲಿ ಫೋಟೊ ತೆಗೆಯುವುದಾದರೆ ಬರೆದು ಮುಗಿದ ಮೇಲೆ, ನೀವು ಬರೆದ ಆ ಒಂದು ಭಾಗದ್ದು ಮಾತ್ರ. ಪೂಜೆ ನಡೆಯುವ ಕಡೆ ಒಪ್ಪಿಗೆ ಕೇಳಿ ಕೂರಬೇಕು, ಜನರ ಮುಖ ಬರೆಯುವ ಮುನ್ನ ಅವರನ್ನು ಕೇಳಬೇಕು. ತಿಂಗಳಿಗೆ ಒಂದೇ ಜಾಗ ಸಾಕು. ಹನ್ನೆರಡು ಜಾಗಗಳನ್ನು ಒಂದು ದಿನದಲ್ಲಿ ಮುಗಿಸಿದವರ ನೋಟ್‌ಬುಕ್ ಖಾಲಿಯೇ ಉಳಿಯುತ್ತದೆ.

ಅಕ್ಕಲಕೋಟೆ ತಾಲ್ಲೂಕಿನ ಮತ್ತು ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳ ಶಿಕ್ಷಕರಲ್ಲಿ ಒಂದು ಕೋರಿಕೆ. ನಿಮ್ಮ ಮಕ್ಕಳು ಎಲಿಮೆಂಟರಿ ಪರೀಕ್ಷೆಗೆ ಅಭ್ಯಾಸ ಮಾಡುವಾಗ ಗೈಡಿನಲ್ಲಿರುವ ತಾವರೆ, ದಾಸವಾಳಗಳನ್ನು ಬಿಟ್ಟು ಒಂದು ವರ್ಷವಾದರೂ ಹಿಂಗಾರಿ ಜೋಳದ ತೆನೆಯನ್ನು, ಮನೆಯ ಹಳೆಯ ಚಾದರದ ಹೂವನ್ನು ಅವರ ಮುಂದಿಡಿ. ಚಿತ್ರದ ಕೆಳಗೆ ಅದು ಯಾರ ಹೊಲದ್ದು, ಯಾವ ಮನೆಯದು, ಯಾವ ತಿಂಗಳಲ್ಲಿ ಕಂಡದ್ದು ಎಂದು ಎರಡು ಸಾಲು ಕನ್ನಡದಲ್ಲಿ ಬರೆಸಿ. ಆ ಹಾಳೆಗಳನ್ನು ರದ್ದಿಗೆ ಹಾಕದೆ ಶಾಲೆಯಲ್ಲೇ ಜೋಡಿಸಿಡಿ, ಮುಂದಿನ ವರ್ಷದ ಮಕ್ಕಳಿಗೆ ತೋರಿಸಿ.